ಕಿಶೋರ ಪತ್ತೇದಾರರ ಕಥಾಮಾಲೆಗಳು: ಒಂದು ಉಲ್ಲೇಖಪರಂಪರೆಯ ಪರಿಶೀಲನೆ

ತಾವು ಓದದ ಗ್ರಂಥದ ಪಾತ್ರವನ್ನು ಜನರು ಹೆಸರಿನಿಂದ ಬಲ್ಲವರಾಗಿರುವುದು ಸಾಹಿತ್ಯಚರಿತ್ರೆಯಲ್ಲಿ ಅಪರೂಪದ ಸಂಗತಿಯೇನೂ ಅಲ್ಲ. ಮಹಾಭಾರತವನ್ನು ಆದ್ಯಂತವಾಗಿ ಓದದವರೂ ಶಕುನಿ ಎಂಥವನೆಂಬುದನ್ನು ಅರಿತಿರುತ್ತಾರೆ. ಕುಂಭಕರ್ಣನ ನಿದ್ರೆಯನ್ನು ನೆನೆಯಲು ರಾಮಾಯಣದ ಪಾರಾಯಣ ಬೇಕಿಲ್ಲ. ಆದರೆ ಈ ಬಗೆಯ ಮನ್ನಣೆ ಸಾಮಾನ್ಯವಾಗಿ ಮಹಾಕಾವ್ಯಗಳಿಗೆ ಸಲ್ಲತಕ್ಕದ್ದು. ಅಮೆರಿಕದಲ್ಲಿ ಐವತ್ತು ಸೆಂಟಿಗೆ ಮಾರಾಟವಾಗುತ್ತಿದ್ದ ಮಕ್ಕಳ ಪತ್ತೇದಾರಿ ಪುಸ್ತಕಗಳಿಗೂ ಅದು ಸಂದಿರುವುದು ವಿಚಾರಾರ್ಹವಾಗಿದೆ. ಆ ದೇಶದ ಚಲನಚಿತ್ರದಲ್ಲಾಗಲಿ ದೂರದರ್ಶನದ ಕಥೆಯಲ್ಲಾಗಲಿ, ಎಲ್ಲವನ್ನೂ ಕೆದಕಿ ನೋಡುವ ಹುಡುಗಿಯೊಬ್ಬಳನ್ನು ಇನ್ನೊಬ್ಬರು 'ನ್ಯಾನ್ಸಿ ಡ್ರೂ' ಎಂದು ಕರೆದರೆ ಅಲ್ಲಿ ವಿವರಣೆಯ ಅಗತ್ಯ ಬೀಳುವುದಿಲ್ಲ. ಇಬ್ಬರು ಹುಡುಗರು ಟಾರ್ಚು ಹಿಡಿದು ಪಾಳುಮನೆಯನ್ನು ಹೊಕ್ಕರೆ 'ಹಾರ್ಡಿ ಬಾಯ್ಸ್' ಎಂಬ ಅಡ್ಡಹೆಸರು ತಾನಾಗಿಯೇ ಬಂದು ಕೂಡುತ್ತದೆ. ಇಂತಹ ಉಲ್ಲೇಖಗಳು ಹುಟ್ಟಿದ ಬಗೆ ಯಾವುದು, ತೊಂಬತ್ತು ವರ್ಷಗಳು ಕಳೆದರೂ ಅವು ಬಾಡದಿರಲು ಕಾರಣವೇನು, ಇತಿಹಾಸದ ವಿದ್ಯಾರ್ಥಿಯು ಅವುಗಳಿಂದ ತಿಳಿಯತಕ್ಕದ್ದೇನು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

೧. ಕಥಾಮಾಲೆಗಳ ಉಗಮ

ಈ ಪುಸ್ತಕಗಳ ಮೂಲಪುರುಷರು ಎಡ್ವರ್ಡ್ ಸ್ಟ್ರಾಟೆಮೈಯರ್ (೧೮೬೨–೧೯೩೦). ಸ್ವತಃ ಲೇಖಕರಾಗಿದ್ದ ಇವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ 'ಸ್ಟ್ರಾಟೆಮೈಯರ್ ಸಿಂಡಿಕೇಟ್' ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ಕಾರ್ಯವಿಧಾನ ಹೀಗಿತ್ತು: ಕಥೆಯ ಸಂವಿಧಾನವನ್ನು ಕೆಲವೇ ಪುಟಗಳಲ್ಲಿ ಸಂಸ್ಥೆಯೇ ರೂಪಿಸುವುದು; ಸಂಭಾವನೆಗೆ ಬರೆಯುವ ಲೇಖಕರು ಅದನ್ನು ಕೆಲವು ವಾರಗಳಲ್ಲಿ ಇನ್ನೂರು ಪುಟಗಳಷ್ಟು ಬೆಳೆಸಿ ಒಪ್ಪಿಸುವುದು; ಅನಂತರ ಸಂಸ್ಥೆಯು ತಿದ್ದಿ, ತಾನೇ ಕಲ್ಪಿಸಿದ ಹೆಸರಿನಲ್ಲಿ ಪ್ರಕಾಶಕರಿಗೆ ಕೊಡುವುದು. ಗೊತ್ತಾದ ಹಣವನ್ನು ಒಮ್ಮೆ ಪಡೆದ ಲೇಖಕನಿಗೆ ಪುಸ್ತಕದ ಮೇಲೆ ಮುಂದೆ ಯಾವ ಹಕ್ಕೂ ಉಳಿಯುತ್ತಿರಲಿಲ್ಲ. ನಮ್ಮಲ್ಲಿ ಎನ್. ನರಸಿಂಹಯ್ಯನವರು ಒಬ್ಬರೇ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅಲ್ಲಿ ಹಲವರು ಸೇರಿ, ಹುಟ್ಟಿಯೇ ಇರದ ಒಬ್ಬ ಲೇಖಕನನ್ನು ನಿರ್ಮಿಸಿದರು.

೧೯೨೭ರಲ್ಲಿ ಪ್ರಾರಂಭವಾದ ಹಾರ್ಡಿ ಬಾಯ್ಸ್ ಮಾಲೆಗೆ 'ಫ್ರ್ಯಾಂಕ್ಲಿನ್ ಡಬ್ಲ್ಯು. ಡಿಕ್ಸನ್' ಎಂಬ ಹೆಸರನ್ನಿಟ್ಟರು. ಮೊದಲ ಸಂಪುಟಗಳನ್ನು ನಿಜವಾಗಿ ಬರೆದವರು ಕೆನಡಾದ ಪತ್ರಿಕೋದ್ಯಮಿ ಲೆಸ್ಲಿ ಮ್ಯಾಕ್‌ಫಾರ್ಲೇನ್. ಈ ಮಾಲೆಯ ಯಶಸ್ಸನ್ನು ಕಂಡು, ಹುಡುಗಿಯರಿಗಾಗಿ ನ್ಯಾನ್ಸಿ ಡ್ರೂ ಮಾಲೆಯನ್ನು ಯೋಜಿಸಲಾಯಿತು. ೧೯೩೦ನೆಯ ಏಪ್ರಿಲ್ ೨೮ರಂದು ಅದರ ಮೊದಲ ಮೂರು ಸಂಪುಟಗಳು 'ಕ್ಯಾರೊಲಿನ್ ಕೀನ್' ಎಂಬ ಹೆಸರಿನಲ್ಲಿ ಒಟ್ಟಿಗೆ ಹೊರಬಂದವು. ಅದಾದ ಹನ್ನೆರಡು ದಿನಗಳಲ್ಲಿ ಸ್ಟ್ರಾಟೆಮೈಯರ್ ತೀರಿಕೊಂಡರು. ಸಂಸ್ಥೆಯ ಆಡಳಿತ ಅವರ ಪುತ್ರಿಯರ ಕೈಗೆ ಬಂದಿತು. ಹಿರಿಯ ಪುತ್ರಿ ಹ್ಯಾರಿಯೆಟ್ ಆಡಮ್ಸ್ ೧೯೮೨ರವರೆಗೆ ಬದುಕಿದ್ದು ಈ ಮಾಲೆಗಳ ಮೇಲೆ ತಮ್ಮ ಮುದ್ರೆಯನ್ನೊತ್ತಿದರು.

ಮೊದಲ ಮೂವತ್ತು ನ್ಯಾನ್ಸಿ ಪುಸ್ತಕಗಳಲ್ಲಿ ಇಪ್ಪತ್ತಮೂರನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್ (೧೯೦೫–೨೦೦೨). ೧೯೨೭ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದಿಂದ ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದ ಮೊದಲ ಮಹಿಳೆ ಇವರೇ. ಮೊದಲ ಪುಸ್ತಕಕ್ಕೆ ಇವರಿಗೆ ದೊರೆತ ಸಂಭಾವನೆ ೧೨೫ ಡಾಲರು. ಪ್ರಕಾಶಕರಿಗೂ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ ೧೯೮೦ರಲ್ಲಿ ಇವರು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವವರೆಗೂ ಇವರ ಕರ್ತೃತ್ವ ಬಹುಮಂದಿ ಓದುಗರಿಗೆ ತಿಳಿದಿರಲಿಲ್ಲ. ಅರ್ಧ ಶತಮಾನ ಕಾಲ ಕಳ್ಳರನ್ನೂ ಅಡಗಿಸಿಟ್ಟ ಉಯಿಲುಗಳನ್ನೂ ಪತ್ತೆಮಾಡುತ್ತಿದ್ದ ಕಥಾಮಾಲೆಯಲ್ಲಿ ಪತ್ತೆಯಾಗದೆ ಉಳಿದವಳು ಅದರ ಲೇಖಕಿಯೇ.

೨. ಉಲ್ಲೇಖಗಳ ಬಗೆಗಳು

ಈ ಪುಸ್ತಕಗಳನ್ನು ನೆನೆಯುವ ರೀತಿಯನ್ನು ನಾವು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ನಾಮೋಲ್ಲೇಖ. ಇದರಲ್ಲಿ ಹೆಸರೇ ಗುಣವಾಚಕವಾಗುತ್ತದೆ. ೨೦೨೧ರಲ್ಲಿ ಪ್ರಾರಂಭವಾದ 'ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್' ಎಂಬ ದೂರದರ್ಶನ ಮಾಲೆಯಲ್ಲಿ, ಒಂದೇ ಕಟ್ಟಡದಲ್ಲಿ ಬೆಳೆದ ಕೆಲವರು ಎಳೆಯರಾಗಿದ್ದಾಗ ತಮ್ಮನ್ನು ಹಾರ್ಡಿ ಬಾಯ್ಸ್ ಎಂದು ಕರೆದುಕೊಂಡು ರಹಸ್ಯಗಳನ್ನು ಭೇದಿಸುವ ಆಟವಾಡುತ್ತಿದ್ದರೆಂದು ಬರುತ್ತದೆ. ನಿಜವಾದ ಸಾವು ಎದುರಾದಾಗ ಆಟ ಮುಗಿಯುತ್ತದೆ. ಇಲ್ಲಿ ಆ ಹೆಸರು ಕಳೆದುಹೋದ ಬಾಲ್ಯಕ್ಕೆ ಸಂಕೇತವಾಗಿದೆ.

ಎರಡನೆಯದು ಚೌಕಟ್ಟಿನ ಅನುಕರಣ. ಹೆಸರನ್ನು ಎತ್ತದೆ, ಎಳೆಯರು ರಹಸ್ಯವನ್ನು ಬಿಡಿಸುವ ಕಥೆಯ ಅಚ್ಚನ್ನು ಮಾತ್ರ ಇದು ಬಳಸಿಕೊಳ್ಳುತ್ತದೆ. ೧೯೬೯ರಲ್ಲಿ ಮೊದಲು ಪ್ರಸಾರವಾದ 'ಸ್ಕೂಬಿ-ಡೂ' ಎಂಬ ವ್ಯಂಗ್ಯಚಿತ್ರ ಮಾಲೆ ನಾಲ್ವರು ಎಳೆಯರನ್ನೂ ಒಂದು ನಾಯಿಯನ್ನೂ ಭೂತದ ಮನೆಗಳಿಗೆ ಕಳುಹಿಸಿತು. ಕೊನೆಯಲ್ಲಿ ಭೂತದ ಮುಖವಾಡವನ್ನು ಕಳಚಿದರೆ ಒಳಗಿರುವವನು ಸ್ವಾರ್ಥಸಾಧಕನಾದ ಒಬ್ಬ ಹಿರಿಯ. ಇದು ನೇರವಾಗಿ ನ್ಯಾನ್ಸಿಯ ಸಂತಾನವಲ್ಲದಿದ್ದರೂ ಅದೇ ಕುಲಕ್ಕೆ ಸೇರಿದ್ದು. ೨೦೦೪ರ 'ವೆರೋನಿಕಾ ಮಾರ್ಸ್' ಆ ಅಚ್ಚನ್ನೇ ತಿರುವುಮುರುವು ಮಾಡಿತು. ತಾಯಿ ಹತ್ತಿರವಿಲ್ಲದ, ತಂದೆಯ ವೃತ್ತಿಯಿಂದ ಅಪರಾಧಗಳ ಪರಿಚಯವಾದ ಬುದ್ಧಿವಂತ ಹುಡುಗಿ ಎರಡು ಕಡೆಯೂ ಉಂಟು. ಆದರೆ ನ್ಯಾನ್ಸಿಯ ಊರು ಅವಳನ್ನು ಕೊಂಡಾಡಿದರೆ, ವೆರೋನಿಕಾಳ ಊರು ಅವಳನ್ನು ಹೊರಗಿಡುತ್ತದೆ.

ಮೂರನೆಯದು ಅಣಕ. ಇದಕ್ಕೆ ಉತ್ತಮ ನಿದರ್ಶನ ದೊರೆಯುವುದು ಅಮೆರಿಕದಲ್ಲಲ್ಲ, ಇಂಗ್ಲೆಂಡಿನಲ್ಲಿ. ಅಲ್ಲಿ ಈ ಸ್ಥಾನವನ್ನು ಪಡೆದದ್ದು ಎನಿಡ್ ಬ್ಲೈಟನ್ ಅವರು ೧೯೪೨ರಿಂದ ೧೯೬೩ರವರೆಗೆ ಬರೆದ 'ಫೇಮಸ್ ಫೈವ್' ಮಾಲೆಯ ೨೧ ಕಾದಂಬರಿಗಳು. ೧೯೮೨ನೆಯ ನವೆಂಬರ್ ೨ರಂದು, ಚಾನೆಲ್ ೪ ಎಂಬ ದೂರದರ್ಶನ ವಾಹಿನಿಯ ಮೊದಲ ರಾತ್ರಿಯಲ್ಲೇ, ಇವುಗಳ ಅಣಕವೊಂದು ಪ್ರಸಾರವಾಯಿತು. ಮಕ್ಕಳು ಬಯಲಿನಲ್ಲಿ ಕುಳಿತು ಶುಂಠಿಯ ಪಾನೀಯವನ್ನು ಯಥೇಚ್ಛವಾಗಿ ಕುಡಿಯುವುದನ್ನು ಕುರಿತು ಅದರಲ್ಲಿ ಬಂದ ಮಾತು ಜನಪ್ರಿಯವಾಗಿ, ಇಂದು ಬ್ಲೈಟನ್ ಎಂದೊಡನೆ ಹಲವರ ಬಾಯಲ್ಲಿ ಬರುವುದು ಆ ಮಾತೇ. ಬ್ಲೈಟನ್ನರ ಕಾದಂಬರಿಗಳಲ್ಲಿ ಆ ಪದಪುಂಜ ಹಾಗೆಯೇ ಎಲ್ಲಿಯೂ ಇಲ್ಲ. ಅಣಕದ ಮಾತು ಮೂಲದ ಮಾತೆಂದು ನೆನಪಿನಲ್ಲಿ ನೆಲೆಸಿತು. ಉಲ್ಲೇಖವು ಗ್ರಂಥವನ್ನು ಕಾಪಾಡುವಂತೆಯೇ ಅದರ ಸ್ಥಾನವನ್ನು ತಾನೇ ಆಕ್ರಮಿಸಲೂಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

೩. ೧೯೫೯ರ ಪಾಠಪರಿಷ್ಕಾರ

ಇಷ್ಟರಿಂದ ಮೂಲ ಪುಸ್ತಕಗಳಾದರೂ ಸ್ಥಿರವಾಗಿ ಉಳಿದಿದ್ದುವೆಂದು ಭಾವಿಸಲಾಗದು. ೧೯೫೯ರಿಂದ ಸಿಂಡಿಕೇಟ್ ತನ್ನ ಹಳೆಯ ಸಂಪುಟಗಳನ್ನು ಒಂದೊಂದಾಗಿ ತಿದ್ದತೊಡಗಿತು. ಕೆಲವನ್ನು ಹೆಸರೊಂದನ್ನು ಉಳಿಸಿ ಸಂಪೂರ್ಣವಾಗಿ ಹೊಸದಾಗಿಯೇ ಬರೆಯಿಸಿತು. ಇಪ್ಪತ್ತೈದು ಅಧ್ಯಾಯಗಳು ಇಪ್ಪತ್ತಕ್ಕೆ ಇಳಿದವು. ಹದಿನಾರು ವಯಸ್ಸಿನ ನ್ಯಾನ್ಸಿ ಹದಿನೆಂಟರವಳಾದಳು. ಮೊದಲಿನ ನಿರ್ಭೀತಿ, ದಿಟ್ಟ ಮಾತು ಕಡಮೆಯಾಗಿ ವಿನಯ ಹೆಚ್ಚಿತು. ಜನಾಂಗಗಳನ್ನು ಹೀನಾಯವಾಗಿ ಕಾಣುವ ಚಿತ್ರಣಗಳನ್ನು ತೆಗೆದುಹಾಕುವುದು ಈ ಪರಿಷ್ಕಾರದ ಮುಖ್ಯ ಉದ್ದೇಶಗಳಲ್ಲೊಂದು.

ಒಂದು ಉದಾಹರಣೆಯನ್ನು ನೋಡೋಣ. ಮೊದಲ ಸಂಪುಟವಾದ 'ಹಳೆಯ ಗಡಿಯಾರದ ರಹಸ್ಯ'ದಲ್ಲಿ ಜೆಫ್ ಟಕರ್ ಎಂಬ ಕಾವಲುಗಾರನಿದ್ದಾನೆ. ೧೯೩೦ರ ಪಾಠದಲ್ಲಿ ಇವನು ಕರಿಯ ಜನಾಂಗದವನು. ಕುಡಿದು ಕರ್ತವ್ಯವನ್ನು ಮರೆತವನೆಂದು, ಓದುಗರು ನಗಬೇಕಾದ ವ್ಯಕ್ತಿಯೆಂದು ಅವನನ್ನು ಚಿತ್ರಿಸಲಾಗಿದೆ. ೧೯೫೯ರ ಪಾಠದಲ್ಲಿ ಕಾವಲುಗಾರನ ಹೆಸರು ಅದೇ. ಆದರೆ ಅವನು ಕರಿಯನೆಂಬ ಸೂಚನೆಯೇ ಇಲ್ಲ. ಅವಮಾನವನ್ನು ಅಳಿಸಲು ಹೊರಟವರು ಅವಮಾನಿತನನ್ನೇ ಅಳಿಸಿದರು. ಅವನಿಗೆ ಗೌರವದ ಪಾತ್ರವೊಂದನ್ನು ಕೊಡುವ ಮಾರ್ಗವೂ ಅವರ ಮುಂದಿತ್ತು. ಅದನ್ನು ಅವರು ಹಿಡಿಯಲಿಲ್ಲ.

ಬೆಂಗಳೂರಿನಂತಹ ನಗರಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಈ ಪುಸ್ತಕಗಳನ್ನು ತಂದು ಓದಿದ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ದೊರೆತದ್ದು ಈ ಪರಿಷ್ಕೃತ ಪಾಠವೇ. ನಾವು ಬಾಲ್ಯದಲ್ಲಿ ಓದಿದ್ದೂ ಅದನ್ನೇ. ೧೯೯೧ರಿಂದ ಆಪಲ್‌ವುಡ್ ಪ್ರಕಾಶನದವರು ಮೂಲಪಾಠಗಳ ಯಥಾಪ್ರತಿಗಳನ್ನು ಮುದ್ರಿಸಿದ್ದಾರೆ. ಅವುಗಳಲ್ಲೊಂದನ್ನು ಬಹಳ ತಡವಾಗಿ ಓದಿದಾಗ, ನಾವು ಪ್ರೀತಿಯಿಂದ ನೆನೆಯುತ್ತಿದ್ದ ಆ ಕಥೆಯ ಅಡಿಯಲ್ಲಿ ಇಂಥದೊಂದು ಪುಟವಿತ್ತೆಂಬುದನ್ನು ಕಂಡು ನಾಚಿಕೆಯಾಯಿತು. ಮೂವತ್ತರ ದಶಕದ ಅಮೆರಿಕವನ್ನು ಈ ಕಥೆಗಳಿಂದ ಅಷ್ಟಿಷ್ಟು ಬಲ್ಲೆವೆಂದು ನಾವು ಭಾವಿಸಿದ್ದು ತಪ್ಪೆಂಬುದು ಆಗ ಮನವರಿಕೆಯಾಯಿತು.

೪. ಆಕರ್ಷಣೆಯ ಕಾರಣಗಳು

ಹೀಗೆ ಲೇಖಕರು ಬದಲಾದರು, ಪಾಠ ಬದಲಾಯಿತು, ನಾಯಕಿಯ ವಯಸ್ಸೂ ಬದಲಾಯಿತು. ಫ್ರಾನ್ಸಿನಲ್ಲಿ ಅವಳ ಹೆಸರೇ ಬದಲಾಗಿ 'ಆಲಿಸ್ ರಾಯ್' ಎಂದಾಯಿತು. ಹಾಗಿದ್ದರೂ ಆಕರ್ಷಣೆ ಉಳಿದಿದೆಯೆಂದರೆ, ಅದರ ನೆಲೆಯನ್ನು ಬದಲಾಗದೆ ಉಳಿದ ಅಂಶಗಳಲ್ಲಿ ಹುಡುಕಬೇಕು.

ಅಂಥವುಗಳಲ್ಲಿ ಮೊದಲನೆಯದು ಸ್ವಾತಂತ್ರ್ಯ. ನ್ಯಾನ್ಸಿಗೆ ತಾಯಿಯಿಲ್ಲ, ವಕೀಲನಾದ ತಂದೆ ಮಗಳ ವಿವೇಕವನ್ನು ನಂಬುತ್ತಾನೆ, ಅವಳಿಗೆ ಸ್ವಂತ ಕಾರಿದೆ. ಆರ್ಥಿಕ ಮುಗ್ಗಟ್ಟು ದೇಶವನ್ನೆಲ್ಲ ಆವರಿಸುತ್ತಿದ್ದ ೧೯೩೦ರಲ್ಲಿ, ಹದಿನಾರರ ಹುಡುಗಿಯೊಬ್ಬಳು ತನ್ನ ಕಾರನ್ನು ತಾನೇ ನಡೆಸಿಕೊಂಡು ಹೋಗುವ ಚಿತ್ರವೇ ಓದುಗಳಿಗೆ ಒಂದು ರಹಸ್ಯದಷ್ಟು ರೋಚಕವಾಗಿದ್ದಿರಬೇಕು. ಒಬ್ಬಳೇ ಹೊರಗೆ ಹೋಗಲು ಅಪ್ಪಣೆಯಿಲ್ಲದ ವಯಸ್ಸಿನಲ್ಲಿ ಓದಿದವರಿಗೆ ಇದರ ಸೊಗಸು ಎಲ್ಲ ದೇಶಗಳಲ್ಲೂ ಒಂದೇ.

ಎರಡನೆಯದು ನ್ಯಾಯದ ಖಚಿತತೆ. ಈ ಕಥೆಗಳಲ್ಲಿ ಕೊಲೆ ವಿರಳ. ಕಳೆದುಹೋದ ಉಯಿಲು, ಅಡಗಿಸಿಟ್ಟ ಆಭರಣ, ಬಡವರಿಗೆ ಸಲ್ಲಬೇಕಾದ ಆಸ್ತಿ, ಇಂಥವೇ ಇಲ್ಲಿಯ ವಸ್ತು. ಕದ್ದದ್ದು ಕಡೆಗೆ ಹಕ್ಕುದಾರನಿಗೆ ಸೇರುತ್ತದೆ.

ಮೂರನೆಯದು, ಹಿರಿಯರು ಕಾಣದ್ದನ್ನು ಕಿರಿಯರು ಕಾಣಬಲ್ಲರೆಂಬ ಭರವಸೆ. ತನ್ನ ಮಾತಿಗೆ ಯಾರೂ ಕಿವಿಗೊಡರೆಂದು ನೊಂದ ಮಗುವಿಗೆ ಇದಕ್ಕಿಂತ ಹಿತವಾದ ಕಥೆಯಿಲ್ಲ. ಸಾಂಡ್ರಾ ಡೇ ಒ'ಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್, ಸೋನಿಯಾ ಸೊಟೊಮಯೋರ್ ಎಂಬ ಮೂವರು ಮಹಿಳೆಯರು, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದವರು, ತಮ್ಮ ಬಾಲ್ಯದ ಓದಿನಲ್ಲಿ ನ್ಯಾನ್ಸಿಗೆ ಸ್ಥಾನವಿತ್ತೆಂದು ಹೇಳಿಕೊಂಡಿದ್ದಾರೆ. ಒಂದು ಪುಸ್ತಕವೇ ಇವರನ್ನು ರೂಪಿಸಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಸಾಕ್ಷ್ಯವನ್ನು ಶಾಂತವಾಗಿ ತೂಗಿ ನೋಡುವ ಹುಡುಗಿಯ ಚಿತ್ರ ಅವರಿಗೆ ಬೇರೆಡೆ ಸುಲಭವಾಗಿ ಸಿಕ್ಕುತ್ತಿರಲಿಲ್ಲವೆಂಬುದು ಸಹಜವಾದ ಊಹೆ.

ಲೇಖಕರ ವೈಯಕ್ತಿಕ ಮುದ್ರೆಯಿಲ್ಲದ ಬರವಣಿಗೆಯನ್ನು ದೋಷವೆಂದು ಎಣಿಸುವುದು ವಾಡಿಕೆ. ಅದೇ ಇಲ್ಲಿ ಉಪಕಾರಿಯಾಯಿತೆಂಬುದು ನಮ್ಮ ಅಭಿಪ್ರಾಯ. ಯಾವ ಒಬ್ಬ ಲೇಖಕನಿಗೂ ಸೇರದ ಅಚ್ಚನ್ನು ಎಲ್ಲರೂ ತಮ್ಮದೆಂದು ಬಳಸಬಲ್ಲರು. ಜನಪದ ಕಥೆಯ ಗುಣವೂ ಇದೇ. ವ್ಯಾಪಾರಿಯೊಬ್ಬರು ಲಾಭಕ್ಕಾಗಿ ಹೂಡಿದ ಏರ್ಪಾಡು ಅರಿಯದೆಯೇ ಜನಪದದ ಮಾರ್ಗವನ್ನು ಹಿಡಿಯಿತು. ಕಾನೂನು ಕೂಡ ಈಗ ಆ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿದೆ: ಅಮೆರಿಕದಲ್ಲಿ ೧೯೨೭ರ ಹಾರ್ಡಿ ಬಾಯ್ಸ್ ಪುಸ್ತಕಗಳ ಕೃತಿಸ್ವಾಮ್ಯ ೨೦೨೩ರ ಆರಂಭದಲ್ಲಿಯೂ, ೧೯೩೦ರ ನ್ಯಾನ್ಸಿ ಪುಸ್ತಕಗಳ ಕೃತಿಸ್ವಾಮ್ಯ ೨೦೨೬ರ ಆರಂಭದಲ್ಲಿಯೂ ಮುಗಿದು ಅವು ಸಾರ್ವಜನಿಕರ ಸ್ವತ್ತಾದವು. ಹಾಗೆ ಮುಕ್ತವಾದದ್ದು ಮೂಲಪಾಠ. ೧೯೫೯ರಿಂದ ಈಚಿನ ಪರಿಷ್ಕೃತ ಪಾಠಗಳಲ್ಲ ಎಂಬುದನ್ನು ಗಮನಿಸಬೇಕು.

೫. ಉಪಸಂಹಾರ

೧೯೧೪ರಲ್ಲಿ ಅಮೆರಿಕದ ಬಾಲಚಮೂ ಸಂಸ್ಥೆಯ ಮುಖ್ಯ ಗ್ರಂಥಪಾಲಕರಾಗಿದ್ದ ಫ್ರ್ಯಾಂಕ್ಲಿನ್ ಮ್ಯಾಥ್ಯೂಸ್ ಅವರು, ಇಂತಹ ಅಗ್ಗದ ಕಥಾಮಾಲೆಗಳು ಹುಡುಗರ ಮಿದುಳನ್ನು ಸಿಡಿಸಿಬಿಡುತ್ತವೆಂಬ ಆಶಯದ ಲೇಖನವನ್ನು ಬರೆದರು. ಅನೇಕ ಗ್ರಂಥಾಲಯಗಳು ಬಹುಕಾಲ ಇವುಗಳನ್ನು ಒಳಗೆ ಸೇರಿಸಲಿಲ್ಲ. ೧೯೯೩ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ನ್ಯಾನ್ಸಿ ಡ್ರೂ ಕುರಿತಾಗಿಯೇ ವಿದ್ವತ್ ಸಮ್ಮೇಳನ ನಡೆಯಿತು. ತಿರಸ್ಕಾರದಿಂದ ಸಮ್ಮೇಳನದವರೆಗಿನ ಈ ಪಯಣ ವಿದ್ವಾಂಸರ ಉದಾರತೆಯಿಂದ ಆದದ್ದಲ್ಲ. ಓದಿದ ಮಕ್ಕಳು ಬೆಳೆದು ದೊಡ್ಡವರಾದರು, ಅಷ್ಟೆ.

ಅಧ್ಯಾಪಕರಾದ ನಾವು ಇದರಿಂದ ಗ್ರಹಿಸತಕ್ಕದ್ದು ಎರಡು. ಜನಪ್ರಿಯವಾದ ಉಲ್ಲೇಖವೊಂದು ಕಣ್ಣಿಗೆ ಬಿದ್ದಾಗ, ಅದು ಗ್ರಂಥದಲ್ಲಿ ಇದ್ದದ್ದೇನೆಂಬುದಕ್ಕೆ ಸಾಕ್ಷಿಯಲ್ಲ, ಜನರು ಗ್ರಂಥದಿಂದ ಉಳಿಸಿಕೊಂಡದ್ದೇನೆಂಬುದಕ್ಕೆ ಸಾಕ್ಷಿ ಎಂದು ತಿಳಿಯಬೇಕು. ಎರಡನೆಯದಾಗಿ, ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ನೋಡುವಾಗ ನಾವು ತೋರುವ ಎಚ್ಚರಿಕೆಯನ್ನು ಐವತ್ತು ಸೆಂಟಿನ ಪುಸ್ತಕಕ್ಕೂ ತೋರಬೇಕು. ನೆನಪಿನಲ್ಲಿ ಉಳಿದದ್ದು ಟಾರ್ಚಿನ ಬೆಳಕು, ಹಳೆಯ ಮನೆ, ಮುಚ್ಚಿದ ಬಾಗಿಲು, ಹೆದರದ ಹುಡುಗಿ. ನೆನಪಿನಿಂದ ಜಾರಿದ್ದು ಜೆಫ್ ಟಕರ್, ಮತ್ತು ೧೨೫ ಡಾಲರಿಗೆ ಹೆಸರನ್ನು ಬಿಟ್ಟುಕೊಟ್ಟ ಲೇಖಕಿ. ಮೊದಲನೆಯದನ್ನು ಜನರು ತಾವೇ ಕಾಪಾಡಿಕೊಳ್ಳುತ್ತಾರೆ. ಎರಡನೆಯದನ್ನು ಹುಡುಕಿ ತರುವುದು ಇತಿಹಾಸದ ಕೆಲಸ.