ಭದ್ರತಾ ಅಧ್ಯಯನಕ್ಕೆ ಸಂಶೋಧನಾನುದಾನ: ಅರ್ಜಿಯ ಸ್ವರೂಪ

ಅಂತರರಾಷ್ಟ್ರೀಯ ಭದ್ರತೆಯೆಂದೊಡನೆ ವಿದ್ವಾಂಸರ ದೃಷ್ಟಿ ದೆಹಲಿಯ ಕಡೆಗೆ ಹೊರಳುವುದು ಸಹಜ. ಈ ವಿಷಯಕ್ಕೆ ಮೀಸಲಾದ ಅಧ್ಯಯನ ಶಾಲೆ ಅಲ್ಲಿ 1955ರಲ್ಲಿಯೂ, ರಕ್ಷಣಾ ಅಧ್ಯಯನ ಸಂಸ್ಥೆ 1965ರಲ್ಲಿಯೂ ಸ್ಥಾಪನೆಗೊಂಡವು. ಸಚಿವಾಲಯಗಳೂ ರಾಯಭಾರ ಕಚೇರಿಗಳೂ ಅಲ್ಲಿಯೇ ಇವೆ. ಹೀಗಿರುವಲ್ಲಿ ಹುಬ್ಬಳ್ಳಿ-ಧಾರವಾಡದ ಅಧ್ಯಾಪಕನೊಬ್ಬನು ಈ ವಿಷಯದಲ್ಲಿ ಸಂಶೋಧನಾನುದಾನವನ್ನು ಬೇಡುವುದು ಉಚಿತವೇ ಎಂಬ ಸಂಕೋಚವುಂಟು. ಈ ಸಂಕೋಚಕ್ಕೆ ಆಧಾರವಿಲ್ಲ.

ಧಾರವಾಡಕ್ಕೂ ಈ ವಿಷಯಕ್ಕೂ ಇರುವ ನಂಟು ಹೊಸತಲ್ಲ. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಡಿ. ಸಿ. ಪಾವಟೆಯವರು ಮುಂದೆ ಪಂಜಾಬದ ರಾಜ್ಯಪಾಲರಾದರು. 1971ರ ಯುದ್ಧಕಾಲದಲ್ಲಿ ಆ ಗಡಿರಾಜ್ಯದಲ್ಲಿಯೇ ಇದ್ದರು. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ಬಂದವರು ಅವರು. ಅವರ ಹೆಸರಿನ ಫೆಲೋಶಿಪ್ಪಿನಿಂದ ಕರ್ನಾಟಕದ ಅಧ್ಯಾಪಕರು ಅದೇ ಕೇಂಬ್ರಿಜ್‌ಗೆ ಹೋಗಿ ಅಂತರರಾಷ್ಟ್ರೀಯ ವಿಷಯಗಳನ್ನು ಅಭ್ಯಸಿಸಿ ಬಂದಿದ್ದಾರೆ.

ಅಧ್ಯಯನದ ಸಾಮಗ್ರಿಯೂ ದೂರದಲ್ಲಿಲ್ಲ. ಹುಬ್ಬಳ್ಳಿಗೆ ಸಮೀಪದ ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ಕಾರವಾರದ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆಮಾರು ತೊರೆದವು. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಭದ್ರತೆಯೆಂದರೆ ಸೈನ್ಯ, ಶಸ್ತ್ರಗಳು ಮಾತ್ರವೆಂಬ ಹಳೆಯ ಕಲ್ಪನೆ ಇಂದು ವಿಸ್ತಾರಗೊಂಡಿದೆ. ನೆಲೆ ತಪ್ಪಿದವರ ಬಾಳು, ಅನ್ನ, ನೀರುಗಳೂ ಅದರೊಳಗೆ ಸೇರಿವೆ.

ಆದರೆ ಸಾಮಗ್ರಿಯಿದ್ದ ಮಾತ್ರಕ್ಕೆ ಅನುದಾನ ದೊರೆಯದು. ಅರ್ಜಿಯ ಜೀವಾಳವೆಂದರೆ ಪ್ರಶ್ನೆ. ‘ಭಾರತ-ಚೀನ ಸಂಬಂಧಗಳು’ ಎಂಬುದು ವಿಷಯ, ಪ್ರಶ್ನೆಯಲ್ಲ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಜನ್ಮದಿಂದಲೇ ಇಲ್ಲಿಯ ಪೌರರು. ಈ ಹಕ್ಕು ಟಿಬೆಟಿಯರಿಗೂ ಸಲ್ಲುವುದೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಹಾಗಿದ್ದಲ್ಲಿ ಮುಂಡಗೋಡದಲ್ಲಿ ಹುಟ್ಟಿದವರು ಪೌರತ್ವವನ್ನು ಬಯಸುವರೇ, ತಾಯ್ನಾಡಿನ ಆಸೆಯಿಂದ ನಿರಾಕರಿಸುವರೇ? ಇದು ಪ್ರಶ್ನೆ. ಎರಡು ವರ್ಷಗಳಲ್ಲಿ, ಒಬ್ಬ ಸಹಾಯಕನೊಡನೆ ಉತ್ತರಿಸಲು ಸಾಧ್ಯವಾದುದು. ದೆಹಲಿಯವನಿಗಿಂತ ಧಾರವಾಡದವನಿಗೆ ಸುಲಭವಾದುದು.

1969ರಲ್ಲಿ ಸ್ಥಾಪನೆಗೊಂಡ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತಿನಂತಹ ಸಂಸ್ಥೆಗಳಿಗೆ ಅರ್ಜಿ ಹೋಗುವುದು ಅಧ್ಯಾಪಕನ ಸಂಸ್ಥೆಯ ಮೂಲಕ. ಹಿಂದೆ ನಡೆದ ಸಂಶೋಧನೆಯೇನು, ಉಳಿದುದೇನು, ಯಾವ ವಿಧಾನದಿಂದ ಎಷ್ಟು ಕಾಲದಲ್ಲಿ ಸಾಧಿಸಬಹುದು ಎಂಬುದನ್ನು ಅದರಲ್ಲಿ ಅನುಕ್ರಮವಾಗಿ ತಿಳಿಸಬೇಕು. ವೆಚ್ಚದ ಅಂದಾಜು ಈ ವಿಧಾನದಿಂದಲೇ ಹುಟ್ಟಬೇಕು. ಅರವತ್ತು ಸಂದರ್ಶನಗಳೆಂದು ಬರೆದವನು ಅಷ್ಟಕ್ಕೆ ತಗಲುವ ಪ್ರಯಾಣ, ದುಭಾಷಿ, ಲಿಪ್ಯಂತರಗಳ ಖರ್ಚನ್ನು ತೋರಿಸದಿದ್ದರೆ, ಅವನು ಕೆಲಸವನ್ನು ಯೋಚಿಸಿಯೇ ಇಲ್ಲವೆಂದು ಪರೀಕ್ಷಕರು ತಿಳಿಯುವರು. ಹಣ ಬರುವುದು ಕಂತುಗಳಲ್ಲಿ. ಖರ್ಚಿಗೆ ವಿನಿಯೋಗ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ.

ಭದ್ರತೆಯ ವಿಷಯಕ್ಕೆ ವಿಶಿಷ್ಟವಾದ ತೊಡಕೊಂದಿದೆ. 2005ರ ಮಾಹಿತಿ ಹಕ್ಕು ಅಧಿನಿಯಮವು ರಾಷ್ಟ್ರದ ಭದ್ರತೆಗೆ ಬಾಧಕವಾಗುವ ಮಾಹಿತಿಯನ್ನು ಕೊಡುವ ಹೊಣೆಯಿಂದ ಸರಕಾರವನ್ನು ಮುಕ್ತಗೊಳಿಸಿದೆ. ಆದುದರಿಂದ ನೌಕಾನೆಲೆಯ ಒಳಗಿನ ಕಾಗದಪತ್ರಗಳನ್ನೇ ನೆಚ್ಚಿಕೊಂಡ ಯೋಜನೆ ಮೊದಲ ಹೆಜ್ಜೆಯಲ್ಲಿಯೇ ಕುಂಟುವುದು. ಸಂಸತ್ತಿನ ನಡವಳಿಗಳು, ಭೂಸ್ವಾಧೀನದ ದಾಖಲೆಗಳು, ನ್ಯಾಯಾಲಯದ ತೀರ್ಪುಗಳು, ಸ್ಥಳಾಂತರಗೊಂಡವರ ಮಾತುಗಳು ಇವು ತೆರೆದ ಆಕರಗಳು. ಅರ್ಜಿಯಲ್ಲಿ ಇವನ್ನು ಹೆಸರಿಸುವುದು ಲೇಸು.

ಇದಕ್ಕಿಂತ ಗುರುತರವಾದ ಹೊಣೆ ಇನ್ನೊಂದಿದೆ. ನಿರಾಶ್ರಿತನೊಬ್ಬನು ನಂಬಿ ಹೇಳಿದ ಮಾತು ಅವನ ಹೆಸರಿನೊಡನೆ ಅಚ್ಚಾದರೆ, ತಾಯ್ನಾಡಿನಲ್ಲಿ ಉಳಿದ ಅವನ ಬಂಧುಗಳಿಗೆ ಆಪತ್ತು ಒದಗಬಹುದು. ಒಪ್ಪಿಗೆಯನ್ನು ಹೇಗೆ ಪಡೆಯಲಾಗುವುದು, ಹೆಸರುಗಳನ್ನು ಹೇಗೆ ಮರೆಸಲಾಗುವುದು, ಬರಹಗಳನ್ನು ಎಲ್ಲಿ ಕಾಪಿಡಲಾಗುವುದು ಎಂಬುದನ್ನು ಮೊದಲೇ ನಿಶ್ಚಯಿಸದವನು ಅನುದಾನಕ್ಕೆ ಅರ್ಹನಲ್ಲ. ಅನ್ಯರ ಭದ್ರತೆಯನ್ನು ಅಭ್ಯಸಿಸಹೊರಟವನಿಂದಲೇ ಅವರ ಭದ್ರತೆಗೆ ಭಂಗ ಬರಬಾರದಷ್ಟೆ.

ಕೊನೆಗೆ, ಅನುದಾನವೆಂಬುದು ಪ್ರಜೆಗಳ ಹಣ. ಪರಿಷತ್ತಿಗೆ ವರದಿಯನ್ನು ಸಲ್ಲಿಸಿದೊಡನೆ ಋಣ ತೀರಲಿಲ್ಲ. ಕಾರವಾರದ, ಮುಂಡಗೋಡದ ಜನ ಓದಬಲ್ಲ ಕನ್ನಡದಲ್ಲಿ ಅದರ ಸಾರವು ಪ್ರಕಟವಾದಾಗಲೇ ಅದು ತೀರುವುದು.