ಹಳ್ಳದ ನೀರು ಹಳ್ಳಕ್ಕೆ

ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ವ್ಯಾನ್ ಕೋರ್ಟ್‌ಲ್ಯಾಂಡ್ ಎಂಬ ದೊಡ್ಡ ಉದ್ಯಾನವಿದೆ. ಟಿಬೆಟ್ಸ್ ಎಂಬ ಹಳ್ಳ ಅಲ್ಲಿನ ಕೆರೆಗೆ ಬಂದು ಸೇರುತ್ತದೆ. ಕೆರೆ ದಾಟಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಊರು ಬೆಳೆಯಿತೆಂದು, ಸುಮಾರು 1912ರಲ್ಲಿ ಅದನ್ನು ಬ್ರಾಡ್‌ವೇ ರಸ್ತೆಯ ಕೆಳಗಿನ ಒಳಚರಂಡಿಗೆ ತಿರುಗಿಸಿಬಿಟ್ಟರು.

ಅಲ್ಲಿ ಮನೆಗಳ ಕೊಳೆನೀರಿಗೂ ಮಳೆನೀರಿಗೂ ಒಂದೇ ಕೊಳವೆ. ಅದರೊಳಗೆ ಹಳ್ಳದ ನೀರು ಮಳೆಯಿಲ್ಲದಾಗಲೂ ದಿನಕ್ಕೆ ಸುಮಾರು 1.5 ಕೋಟಿ ಲೀಟರ್ ಹರಿಯುತ್ತದೆ. ಕೊಳೆನೀರಿನ ಜೊತೆ ಅದನ್ನೂ ಶುದ್ಧೀಕರಣ ಘಟಕಕ್ಕೆ ಸಾಗಿಸುವುದು! ಬ್ಯಾಂಕಿನಲ್ಲಿ ಒಬ್ಬರ ಜಮೆ ಇನ್ನೊಬ್ಬರ ಖಾತೆಗೆ ಬಿದ್ದ ಹಾಗೆ. ಜೋರು ಮಳೆ ಬಂದರೆ ಕೊಳವೆಯಲ್ಲಿ ಜಾಗವಿರುವುದಿಲ್ಲ. ಆಗ ಮಲಮೂತ್ರವೂ ಕಲೆತ ನೀರು ಹಾರ್ಲೆಂ ನದಿಗೆ ನುಗ್ಗುತ್ತದೆ. 2021ರಲ್ಲಿ ಐಡಾ ಚಂಡಮಾರುತದ ಮಳೆಗೆ ಹತ್ತಿರದ ಹೆದ್ದಾರಿಯೇ ಮುಳುಗಿತ್ತು.

ಹಳ್ಳವನ್ನು ಚರಂಡಿಯಿಂದ ಬಿಡಿಸಿ, ಬಹುಪಾಲು ತೆರೆದ ಹಳ್ಳವಾಗಿಯೇ ನದಿಯತ್ತ ಹರಿಸುವುದು ಯೋಜನೆ. ಅದಕ್ಕಾಗಿ ಹಳೆಯ ರೈಲುದಾರಿಯ ಜಾಗವನ್ನು ನಗರದವರು 2023ರಲ್ಲಿ ಕೊಂಡರು. ಹಿಂದೆ ಮುಚ್ಚಿದ್ದನ್ನು ಈಗ ದುಡ್ಡು ಕೊಟ್ಟು ತೆರೆಯಬೇಕಾಯಿತು, ನೋಡಿ. ನದಿಯ ಹತ್ತಿರದ ಕೊನೆಯ ತುಂಡು ಮಾತ್ರ ನೆಲದಡಿಯ ಬೇರೆ ಕೊಳವೆಯಲ್ಲಿ ಹೋಗಬೇಕು. ಇದರಿಂದ ಉಕ್ಕಿ ನದಿಗೆ ಬೀಳುವ ಕೊಳೆನೀರು ವರ್ಷಕ್ಕೆ ಸುಮಾರು 86 ಕೋಟಿ ಲೀಟರ್ ಕಡಿಮೆಯಾದೀತೆಂದು ನಗರದವರ ಲೆಕ್ಕ.