‘ಕ್ಷೇಮ’ವೆಂದು ಬರೆದ ಪತ್ರಗಳು

ಉದರ ಪೋಷಣೆಗಾಗಿ ಊರು ಬಿಟ್ಟು ಬಂದ ಹುಡುಗರಿಗೆ ಮುಂಬಯಿಯಲ್ಲಿ ಗೆಳೆಯನೇ ಬಂಧು, ಗೆಳೆಯನೇ ಬಳಗ. ಉಡುಪಿ ಕಡೆಯಿಂದ 1982ರಲ್ಲಿ ಬಂದು ಕಳವಾದ ಚಾಳೊಂದರ ಒಂದೇ ಖೋಲಿಯಲ್ಲಿ ಎಂಟು ವರ್ಷ ಕಳೆದ ಇಬ್ಬರು ಗೆಳೆಯರಲ್ಲಿ ಒಬ್ಬ ಇಂದಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿರುವ ಇನ್ನೊಬ್ಬರು ಹೆಸರು ಬೇಡವೆನ್ನುತ್ತಾರೆ. ಆದರೆ ನಡೆದದ್ದನ್ನು ನಾಲ್ಕು ಜನ ತಿಳಿಯಲಿ ಎಂಬುದು ಅವರ ಅಪೇಕ್ಷೆ.

ಹಗಲು ಕ್ಯಾಂಟೀನಿನ ದುಡಿಮೆ, ಸಂಜೆಯಾದರೆ ರಾತ್ರಿ ಶಾಲೆ. ಮುಂಬಯಿ ಪರಿಸರದಲ್ಲಿ ಬ್ರೌನ್ ಶುಗರ್ ಹಾವಳಿಯೆಬ್ಬಿಸಿದ್ದ ಕಾಲವದು. ಮರಾಠಿಗರು ‘ಗರ್ದ್’ ಎನ್ನುವ ಈ ಪುಡಿ ಕಲಬೆರಕೆಯ ಹೆರಾಯಿನ್. ಮೊದಲು ಸಂಬಳದ ಮುಂಗಡ ಹೋಯಿತು. ನಂತರ ಗೆಳೆಯನ ಕೈಗಡಿಯಾರ, ಕೊನೆಗೆ ಊರಿನ ತಾಯಿಗೆಂದು ಕೊಂಡಿಟ್ಟ ಸೀರೆಯೂ ಹೋಯಿತು. ಇವರು ಸಾಲ ತೀರಿಸಿದರು, ಸೇಠ್‌ನ ಮುಂದೆ ‘ಅವನಿಗೆ ಜ್ವರ’ ಎಂದು ಸುಳ್ಳು ಹೇಳಿದರು. ಅವನ ಕೈ ನಡುಗತೊಡಗಿದಾಗ ಅವನ ಮನೆಗೆ ಪತ್ರವನ್ನೂ ಇವರೇ ಬರೆದರು. ಪ್ರತಿ ಪತ್ರದಲ್ಲೂ ‘ಇಲ್ಲಿ ಎಲ್ಲ ಕ್ಷೇಮ’.

ಒಮ್ಮೆ ಅವನು ತಾನಾಗಿ ಎರಡು ತಿಂಗಳು ಚಟ ಬಿಟ್ಟಿದ್ದ. ಗಂಡಾಂತರ ಕಳೆಯಿತೆಂದು ಇವರು ಹಿಗ್ಗಿದರು. 1990ರ ಮಳೆಗಾಲದ ಒಂದು ರಾತ್ರಿ ಮತ್ತೆ ಹಳೆಯ ಪ್ರಮಾಣದಲ್ಲೇ ಸೇವಿಸಿದವನು ಬೆಳಿಗ್ಗೆ ಏಳಲಿಲ್ಲ. ಕೆಲಕಾಲ ಬಿಟ್ಟರೆ ದೇಹ ಅದನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ, ಮೊದಲು ಅಭ್ಯಾಸವಾಗಿದ್ದ ಪ್ರಮಾಣವೇ ಆಗ ಪ್ರಾಣ ತೆಗೆಯಬಹುದು ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ನೆರವು ದೂರವಿರಲಿಲ್ಲ. ಫಾದರ್ ಜೋ ಪಿರೇರಾ ಅವರ ಕೃಪಾ ಫೌಂಡೇಶನ್ ಬಾಂದ್ರಾದಲ್ಲಿ 1981ರಲ್ಲೇ ಆರಂಭವಾಗಿತ್ತು. ಲೇಖಕ ಅನಿಲ್ ಅವಚಟ್ ಮತ್ತು ಅವರ ಪತ್ನಿ ಡಾ. ಅನಿತಾ ಅವಚಟ್ 1986ರಲ್ಲಿ ಪುಣೆಯಲ್ಲಿ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರವನ್ನು ತೆರೆದಿದ್ದರು. ಖ್ಯಾತ ಸಾಹಿತಿ ಪು. ಲ. ದೇಶಪಾಂಡೆ ಅದಕ್ಕೆ ಆರ್ಥಿಕ ಬಲ ನೀಡಿದ್ದರು. ಆದರೆ ಖೋಲಿಯ ಗುಟ್ಟು ಖೋಲಿಯ ಬಾಗಿಲು ದಾಟಲಿಲ್ಲ.

ಪೊಲೀಸರ ಭಯ ಅಂದೂ ಇತ್ತು, ಇಂದೂ ಇದೆ. ಆದರೆ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮಾನ್ಯತೆ ಪಡೆದ ಕೇಂದ್ರಕ್ಕೆ ಸ್ವಇಚ್ಛೆಯಿಂದ ಬಂದು ಚಿಕಿತ್ಸೆ ಪಡೆಯುವ ವ್ಯಸನಿಗೆ ಮಾದಕ ವಸ್ತು ಕಾನೂನಿನ 64-ಎ ಕಲಮು ರಕ್ಷಣೆ ಕೊಡುತ್ತದೆ. 14446 ಕೇಂದ್ರ ಸರಕಾರದ ಉಚಿತ ಸಹಾಯವಾಣಿ. ಕೈಗೆ ಹಣ ಕೊಡದಿರುವುದು, ಮನೆಯವರಿಗೆ ತಿಳಿಸುವುದು, ಜತೆಯಲ್ಲಿ ವೈದ್ಯರ ಬಳಿ ಹೋಗುವುದು, ಚಿಕಿತ್ಸೆ ಮುಗಿದ ಮೇಲೂ ಕೈಬಿಡದಿರುವುದು - ಗೆಳೆಯನಾದವನು ಮಾಡಬೇಕಾದ ಕೆಲಸವಿಷ್ಟು.

ಸಂತಾಪ ಸೂಚಿಸಲು ನಮ್ಮ ಸಂಘಗಳಲ್ಲಿ ಜನಕ್ಕೆ ಕೊರತೆಯಿಲ್ಲ. ಸಭೆ, ಭಜನೆಗೆ ತಪ್ಪದೆ ಬರುತ್ತಿದ್ದ ಹುಡುಗ ಏಕಾಏಕಿ ಕಾಣದಾದಾಗ ಅವನ ಬಾಗಿಲು ತಟ್ಟುವವರು ಬೇಕಾಗಿದ್ದಾರೆ.

ಸಾವಿನ ಸುದ್ದಿ ಹೊತ್ತು ಊರಿಗೆ ಹೋದಾಗ ಗೆಳೆಯನ ತಾಯಿ ಪತ್ರಗಳ ಕಟ್ಟನ್ನು ತಂದು ಮುಂದಿಟ್ಟರಂತೆ. “ಎಲ್ಲ ಕ್ಷೇಮ ಅಂತಲೇ ಬರೆದಿತ್ತಲ್ಲ ಮಗಾ?” ಅಕ್ಷರ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಇವರೂ ಹೇಳಲಿಲ್ಲ.